ಯುಕುಲೇಲೆಯ ಮೇಲೆ ಕೂತವನು

ನಾನು ಮನೆಗೆ ಬೀಗ ಹಾಕಿ ಹೊರಟರೆ, ಅದು ಹೊರಡುವ ಮೊದಲ ಪ್ರಯತ್ನ ಮಾತ್ರ ಎಂಬುದು ಅಥಣಿ ರಸ್ತೆಯ ನಮ್ಮ ಬಡಾವಣೆಯಲ್ಲಿ ಎಲ್ಲರಿಗೂ ಗೊತ್ತು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಒಮ್ಮೆ ಮರಳುತ್ತೇನೆ. ಅದನ್ನು ನೋಡಿ ಬಂದ ಮೇಲೆ ಬೀಗ ಸರಿಯಾಗಿ ಬಿತ್ತೋ ಇಲ್ಲವೋ ಎಂದು ಇನ್ನೊಮ್ಮೆ. ಎದುರುಮನೆಯ ಅಜ್ಜಿ ಕಟ್ಟೆಯ ಮೇಲೆ ಕೂತು ಕಾಳು ಆರಿಸುತ್ತ, "ಇವತ್ತ ಇನ್ನೂ ಎಷ್ಟ ಸಲ ಉಳದೈತ್ರಿ ಸಾಹೇಬ್ರ?" ಎಂದು ಕೇಳುತ್ತಾರೆ. ಕಚೇರಿಯ ಕೆಲಸಕ್ಕಿಂತ ನನಗೆ ಚಿಂತೆ ಮಾಡುವ ಕೆಲಸವೇ ಹೆಚ್ಚು ರೂಢಿ. ಇಷ್ಟು ವರ್ಷ ಚಿಂತೆ ಮಾಡಿದರೂ ಗ್ಯಾಸು ಸೋರಲಿಲ್ಲ, ಕಳ್ಳರು ಬರಲಿಲ್ಲ. ಹಾಗಾಗಿ ನನ್ನ ಚಿಂತೆಗಳಿಗೆ ಬುಡವಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಬುಡವಿದ್ದ ಒಂದೇ ಒಂದು ಚಿಂತೆಯನ್ನು ಮಾತ್ರ ನಾನು ಅವಳಿಗೂ ಹೇಳಿರಲಿಲ್ಲ. ಹದಿನೈದು ವರ್ಷಗಳ ಹಿಂದೆ ನಾನು ಒಂದು ಯುಕುಲೇಲೆಯ ಮೇಲೆ ಕೂತುಬಿಟ್ಟಿದ್ದೆ.

ಯುಕುಲೇಲೆ ಎಂದರೆ ಗಿಟಾರಿನ ಮರಿ. ನಾಲ್ಕೇ ತಂತಿ, ಕಂಕುಳಲ್ಲಿ ಅಡಗುವಷ್ಟು ಮೈ. ನನ್ನ ಗೆಳೆಯ ಈರಣ್ಣ ಅದನ್ನು ಮುಂಬಯಿಯಿಂದ ತಂದಿದ್ದ. ತಿಕೋಟಾದಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ನಾನು ಗುಮಾಸ್ತನಾದೆ, ಅವನು ದ್ರಾಕ್ಷಿ ಬೆಳೆದ. ಮುಂಬಯಿ ಮಾರ್ಕೆಟ್ಟಿಗೆ ಹಣ್ಣು ಒಯ್ದವನು ಮಗಳಿಗೆ ಆಟದ ಸಾಮಾನು ಎಂದು ಕೊಂಡು ತಂದ. ಮಗಳು ಒಂದು ದಿನ ಆಡಿ ಮೂಲೆಗೆಸೆದಳು. ಅಪ್ಪ ಎತ್ತಿಕೊಂಡವನು ಮತ್ತೆ ಕೆಳಗಿಡಲಿಲ್ಲ. ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ, ಹಸಿರು ಪರದೆಯ ಹಿಂದೆ, ಭಜನೆಯ ಧಾಟಿಗಳನ್ನೆಲ್ಲ ಆ ನಾಲ್ಕು ತಂತಿಗೆ ಕಲಿಸಿದ. ಊರವರು ಮೊದಮೊದಲು ನಕ್ಕರು. ಆಮೇಲೆ ಸೋಮವಾರದ ಭಜನೆಗೆ ಹಾರ್ಮೋನಿಯಂ ಪೇಟಿ ಬಾರಿಸುವವರು ಬರದಿದ್ದಾಗ, "ಈರಣ್ಣನ ಮರಿ ಗಿಟಾರ ಐತೆಲ್ಲ, ಕರೀರಿ ಅವನ್ನ" ಎನ್ನತೊಡಗಿದರು.

ಅನಾಹುತ ನಡೆದದ್ದು ಬಬಲೇಶ್ವರದಲ್ಲಿ, ಈರಣ್ಣನ ಮಾವನ ಮನೆಯಲ್ಲಿ. ಅವನ ಹೆಂಡತಿ ಶಾಂತಾ ವೈನಿಯ ತಂಗಿಯ ಮದುವೆ. ನಾನು ಪಂಗತಿಯಲ್ಲಿ ಗೋಧಿ ಹುಗ್ಗಿಯನ್ನು ಮೂರು ಸಲ ನೀಡಿಸಿಕೊಂಡು, ಮೈ ಚೆಲ್ಲಲು ಜಾಗ ಹುಡುಕುತ್ತ ಒಳಕೋಣೆಗೆ ಹೋದೆ. ಅಲ್ಲಿ ಹಾಸಿ ಹೊದೆಯುವ ಕೌದಿಗಳ ಒಂದು ಗುಡ್ಡವೇ ಇತ್ತು. ಕೂತೆ. ಮೊದಲು "ಟಣ್" ಎಂದಿತು, ಆಮೇಲೆ "ಕರ್‍ರ್" ಎಂದಿತು. ಎರಡು ಸಪ್ಪಳಗಳ ನಡುವೆ ಎದ್ದೇಳಲು ಸಾಕಷ್ಟು ಸಮಯವಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಮೂರು ಸಲದ ಹುಗ್ಗಿ ಅಷ್ಟು ಬೇಗ ಏಳಗೊಡುವುದಿಲ್ಲ. ಕೌದಿ ಎತ್ತಿ ನೋಡಿದೆ. ಮಕ್ಕಳ ಕೈಗೆ ಸಿಗಬಾರದೆಂದು ಈರಣ್ಣ ಯುಕುಲೇಲೆಯನ್ನು ಅಲ್ಲಿ ಜೋಪಾನವಾಗಿ ಅಡಗಿಸಿಟ್ಟಿದ್ದ. ನಾನೂ ಅಷ್ಟೇ ಜೋಪಾನವಾಗಿ ಕೌದಿ ಮುಚ್ಚಿ ಹೊರಗೆ ಬಂದೆ.

ಸಂಜೆ ಗೊತ್ತಾಯಿತು. ಈರಣ್ಣನ ಮಾವ ಚನ್ನಮಲ್ಲಪ್ಪ ಕಾಕಾ ಚಪ್ಪರದ ನಡುವೆ ನಿಂತು, "ನಮ್ಮ ಮನ್ಯಾಗ ಅಳಿಯಾನ ಸಾಮಾನ ಮುರೀತಂದ್ರ ನಮ್ಮ ಮಾನ ಎಲ್ಲಿ ಉಳೀತು?" ಎಂದರು. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಬೀಗರ ಮನೆಯಲ್ಲಿ ಅಳಿಯ ಹೊಸ್ತಿಲು ಎಡವಿದರೂ ತಪ್ಪು ಹೊಸ್ತಿಲಿನದೇ. ನಾನೇ ಎಂದು ಹೇಳಲು ಎದ್ದೆ. ಆದರೆ ಅಷ್ಟರಲ್ಲಿ ಅಕ್ಷತೆ ಹಂಚಲು ಯಾರೋ ಕರೆದರು, ಹೋದೆ. ಮದುವೆ ಮುಗಿದ ವಾರದಲ್ಲೇ ಕಾಕಾ ತಾವೇ ಪುಣೆಗೆ ಹೋಗಿ, ಮೊದಲಿನದಕ್ಕಿಂತ ಎಷ್ಟೋ ಒಳ್ಳೆಯ ಯುಕುಲೇಲೆ ತಂದು ಅಳಿಯನ ಕೈಗಿಟ್ಟರು. ಆಮೇಲೆ ಹೇಳಿದರೆ ಅವರ ತಿರುಗಾಟಕ್ಕೆ ಅವಮಾನ ಮಾಡಿದಂತೆ ಎಂದು ಸುಮ್ಮನಾದೆ. ಹೇಡಿತನಕ್ಕೆ ಇಂಥ ಒಳ್ಳೆಯ ಕಾರಣಗಳು ನನಗೆ ಯಾವತ್ತೂ ಕಡಿಮೆ ಬಿದ್ದಿಲ್ಲ.

ಹೋದ ವರ್ಷ ಮೇಘನಾ ಎಂಬ ಹುಡುಗಿ ದ್ರಾಕ್ಷಿ ಶೆಡ್ಡುಗಳ ಮೇಲೆ ಸಾಕ್ಷ್ಯಚಿತ್ರ ಮಾಡಲು ತಿಕೋಟಾಕ್ಕೆ ಬಂದಳು. ಶೆಡ್ಡಿನ ಹಸಿರು ಪರದೆಯ ಹಿಂದಿನಿಂದ ಬಂದ ನಾದ ಕೇಳಿ ದ್ರಾಕ್ಷಿ ಬಿಟ್ಟು ಈರಣ್ಣನನ್ನು ಹಿಡಿದಳು. ಬಾಲ್ಯದ ಗೆಳೆಯ ಎಂದು ನನ್ನ ಮನೆಗೂ ಬಂದು ಕ್ಯಾಮೆರಾ ಇಟ್ಟಳು. ಅದರ ಕೆಂಪು ದೀಪ ಉರಿಯುತ್ತಿರುವಷ್ಟು ಹೊತ್ತು ನಾನು ಸರಕಾರಿ ಪತ್ರದ ಭಾಷೆಯಲ್ಲಿ ಮಾತಾಡಿದೆ. ದೀಪ ಆರಿತು, ಚಹಾ ಬಂತು, ಜೀವ ಹಗುರಾಯಿತು. "ಮತ್ತೇನಾದರೂ ನೆನಪಿದೆಯಾ ಸರ್?" ಎಂದು ಆ ಹುಡುಗಿ ಎಷ್ಟು ಮೆತ್ತಗೆ ಕೇಳಿದಳೆಂದರೆ, ಇಷ್ಟು ವರ್ಷ ಹೆಂಡತಿಗೂ ಹೇಳದ್ದನ್ನು ಹುಗ್ಗಿ ಸಮೇತ ಹೇಳಿಬಿಟ್ಟೆ. ಎಲ್ಲ ಕೇಳಿಸಿಕೊಂಡು ಅವಳು ನನ್ನ ಕಾಲರಿಗೆ ಸಿಕ್ಕಿಸಿದ್ದ ಸಣ್ಣ ಕರಿ ಮೈಕನ್ನು ಬಿಚ್ಚಿಕೊಂಡು, "ತುಂಬ ಚೆನ್ನಾಗಿ ಬಂತು ಸರ್, ಧ್ವನಿ ಸ್ಪಷ್ಟವಾಗಿದೆ" ಎಂದಳು.

ಮೊದಲ ಪ್ರದರ್ಶನ ಒಂದು ಭಾನುವಾರ ಬೆಳಿಗ್ಗೆ, ಸ್ಟೇಷನ್ ರಸ್ತೆಯ ಒಂದು ಸಭಾಗೃಹದಲ್ಲಿ. ಜ್ವರ ಬರಲೆಂದು ಹಾರೈಸಿದೆ, ಬರಲಿಲ್ಲ. ಅಲ್ಲಿ ಹೋದರೆ ತಿಕೋಟಾ, ಬಬಲೇಶ್ವರ ಎರಡೂ ಇಡಿಯಾಗಿ ಬಂದು ಕೂತಿದ್ದವು. ಮೊದಲ ಸಾಲಿನಲ್ಲಿ ಇಸ್ತ್ರಿ ಮಾಡಿದ ಧೋತರ ಉಟ್ಟ ಚನ್ನಮಲ್ಲಪ್ಪ ಕಾಕಾ. ಸನ್ಮಾನ ಇಲ್ಲದೆ ನಮ್ಮಲ್ಲಿ ಏನೂ ಶುರುವಾಗುವುದಿಲ್ಲವಲ್ಲ. ಈರಣ್ಣನಿಗೆ ರುಮಾಲು ಸುತ್ತಿದರು, ಒಂದರ ಮೇಲೊಂದು ಹಾರ ಹಾಕಿದರು. ಕೊನೆಗೆ "ಒಂದು ಹಾಡು ಬಾರಿಸಿ" ಎಂದಾಗ ಯುಕುಲೇಲೆ ಹಾರಗಳೊಳಗೆ ಎಲ್ಲೋ ಕಳೆದುಹೋಗಿತ್ತು. ಇಬ್ಬರು ಹುಡುಕಿ ಹೊರತೆಗೆದರು.

ದೀಪ ಆರಿಸುವ ಹೊತ್ತಿಗೆ ಈರಣ್ಣ ವೇದಿಕೆಯಿಂದಿಳಿದು ಬಂದು ನನ್ನ ಪಕ್ಕದಲ್ಲೇ ಕೂತ. "ಮುಂದ ಕುಂತ್ರ ನನ್ನ ಮಾರಿ ನನಗ ಭಾಳ ದೊಡ್ಡದ ಕಾಣತೈತ್ಲೇ" ಎಂದ. ಅವನ ಆಚೆ ಶಾಂತಾ ವೈನಿ. ಚಿತ್ರ ಶುರುವಾಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ಹೊತ್ತು ನಾನು ಚಿಂತೆಯನ್ನೂ ಮರೆತೆ. ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸಿ, ಚಾಟ್ನಿ ಮಾಡಿ ಮಾಡಿ ಒರಟಾದ ಆ ದಪ್ಪ ಬೆರಳುಗಳು ಅಷ್ಟು ಸಣ್ಣ ತಂತಿಗಳ ಮೇಲೆ ಒಂದಕ್ಕೊಂದು ದಾರಿ ಬಿಟ್ಟುಕೊಟ್ಟು ಓಡಾಡುವುದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಕಾಕಾ ಬಂದರು. "ನಮ್ಮ ಮನ್ಯಾಗ ಮುರೀತ್ರಿ. ಯಾರು ಮುರದ್ರು ಅಂತ ನಾ ಯಾರನೂ ಕೇಳ್ಲಿಲ್ಲ. ಪುಣಾಕ ಹೋದೆ. ಅಂಗಡ್ಯಾವ, ಸಣ್ಣ ಹುಡುಗಗೇನ್ರಿ ಅಂದ. ಹೂನ್ರಿ, ನನ್ನ ಹಿರೇ ಮಗಗ ಅಂದೆ." ಕಾಕಾನಿಗೆ ಇರುವುದು ಇಬ್ಬರು ಹೆಣ್ಣುಮಕ್ಕಳು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಆ ಬಿಳಿ ತಲೆ ಎರಡಿಂಚು ಎತ್ತರವಾದದ್ದು ನನಗೆ ಹಿಂದಿನಿಂದಲೇ ಕಂಡಿತು.

ಇದರ ಮುಂದೆ ಬರುವುದು ನಾನೇ ಎಂದು ಖಾತ್ರಿಯಾಯಿತು. ಯಾರು ಮುರಿದರು ಎಂಬ ಪ್ರಶ್ನೆಯ ಬೆನ್ನಿಗೇ ಉತ್ತರ ಇಟ್ಟಿರುತ್ತಾಳೆ. ನಾನು ಚಿತ್ರ ಮಾಡಿದ್ದರೂ ಹಾಗೇ ಇಡುತ್ತಿದ್ದೆ. ಪರದೆ ಹೇಳುವ ಮೊದಲು ನಾನೇ ಹೇಳುವುದು ಮೇಲೆಂದು ಈರಣ್ಣನ ಕಿವಿಗೆ ಬಾಗಿದೆ.

"ಲೇ ಈರ್‍ಯಾ, ಅದನ್ನ ಮುರದವ ನಾನ. ಕೌದಿ ಮ್ಯಾಲ ಕುಂತಿದ್ದೆ."

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತೈತಿ" ಎಂದ.

"ಗೊತ್ತೈತಿ? ಯಾವಾಗಿಂದ?"

"ಅವತ್ತಿಂದನ. ಎರಡ ದಿನ ಪಂಗತ್ಯಾಗ ಒಂದ ಮಗ್ಗಲಾ ಎತ್ತಿ ಕುಂಡ್ರತಿದ್ದಿ. ತಂತಿ ತಿರುವೋ ಬಿರಡಿ ನಟ್ಟಿತ್ತಲ್ಲ?"

"ಮತ್ತ ಯಾಕ ಬಾಯಿ ಬಿಡ್ಲಿಲ್ಲೋ?"

"ಬಿಟ್ರ ನೀ ಕೊಡಸ್ತಿದ್ದಿ. ನೀ ಕೊಡಸೋದು ಎಂಥಾದ್ದಿರತೈತಿ ಅಂತ ನನಗ ಗೊತ್ತಿಲ್ಲೇನು? ಮಾವಾರ ಕೊಡಸಿದ್ರ ಛಲೋದ ಬರತೈತಿ ಅಂತ ಸುಮ್ಮನಾದೆ."

ನಾವು ಪಿಸುಗುಟ್ಟುತ್ತಿದ್ದೇವೆ ಎಂದು ತಿಳಿದಿದ್ದೆವು. ಆದರೆ ಪರದೆಯ ಮೇಲೆ ಅದೇ ಹೊತ್ತಿಗೆ ಮಾತೂ ಇರಲಿಲ್ಲ, ವಾದ್ಯವೂ ಇರಲಿಲ್ಲ. ಒಣಗುತ್ತಿರುವ ದ್ರಾಕ್ಷಿಯನ್ನು ಬಹಳ ಹೊತ್ತು ಮೌನವಾಗಿ ತೋರಿಸುತ್ತಿದ್ದರು. ಈರಣ್ಣನ ಆಚೆಯಿಂದ ಶಾಂತಾ ವೈನಿಯ ಮುಖ ನಿಧಾನವಾಗಿ ನಮ್ಮತ್ತ ತಿರುಗಿತು.

"ಅಲ್ರೀ, ಈಗ ಯಾರನೂ ಕೇಳ್ಲಿಲ್ಲ ಅಂತಾನ, ಅವತ್ತ ನಮ್ಮಪ್ಪ ಸಣ್ಣ ಹುಡುಗರನ್ನೆಲ್ಲ ಸಾಲಾಗಿ ನಿಂದರಿಸಿ ಬೈದಿದ್ದ. ನಮ್ಮವ್ವ ಇವತ್ತಿಗೂ ಕೌದಿ ಮಡಚೂಮುಂದ ಮೂರ ಸಲ ಜಾಡಿಸಿ ನೋಡ್ತಾಳ. ನೀವಿಬ್ರೂ ಗೊತ್ತಿದ್ದೂ ಹೋಳಿಗಿ ತಿಂದ ಬಂದ್ರಿ?"

"ಹುಗ್ಗಿ, ವೈನಿ" ಎಂದೆ. ಯಾಕೆ ಹೇಳಿದೆನೋ ದೇವರಿಗೇ ಗೊತ್ತು.

"ಬಾಯಿ ಮುಚ್ಚರಿ ಅಣ್ಣಾರ! ಮುಂದ ನಮ್ಮಪ್ಪ ಕುಂತಾನ. ಇವತ್ತ ಅವನ ಮುಂದ ಈ ಮಾತ ಹೋತಂದ್ರ ನಿಮ್ಮಿಬ್ರನ್ನೂ ಆ ಶೆಡ್ಡಿನ್ಯಾಗ ಹಾಕಿ ಒಣಗಸ್ತೇನಿ."

ಆ ಕ್ಷಣದಲ್ಲೇ ಪರದೆಯ ಮೇಲೆ ನಾನು ಬಂದೆ. ಈರಣ್ಣ ರುಮಾಲು ಬಿಗಿ ಹಿಡಿದ. ವೈನಿ ಸೆರಗು ಬಾಯಿಗೊತ್ತಿಕೊಂಡರು. ಪರದೆಯ ನಾನು ಕೆಮ್ಮಿ, "ಸದರಿಯವರು ಬಾಲ್ಯದಿಂದಲೂ ನನಗೆ ಪರಿಚಿತರು. ಒಳ್ಳೆಯ ಮನುಷ್ಯರು" ಎಂದೆ. ಹೋದೆ. ಮತ್ತೆ ಬರಲೇ ಇಲ್ಲ.

ಚಿತ್ರ ಮುಗಿದ ಮೇಲೆ ಮೇಘನಾಳನ್ನು ಕಂಬದ ಮರೆಗೆ ಕರೆದೆ. "ನೀವು ಹೇಳಿದ್ದನ್ನ ಹಾಕಿದ್ದರೆ ಅಜ್ಜಾರು ಪುಣೆಗೆ ಹೋಗಿದ್ದು ಸಣ್ಣದಾಗುತ್ತಿತ್ತಲ್ಲ ಸರ್" ಎಂದಳು. "ಅವತ್ತೇ ಅಳಿಸಿದೆ. ನಿಮಗೆ ಫೋನ್ ಮಾಡಬೇಕಿತ್ತು, ಮರೆತೆ." ನನ್ನ ಅರ್ಧ ವಯಸ್ಸಿನ ಹುಡುಗಿ ಮುಚ್ಚಿಟ್ಟ ಗುಟ್ಟನ್ನು ನಾನು ಹತ್ತು ನಿಮಿಷ ತಾಳಲಾರದೆ ಸರಿಯಾಗಿ ಹೇಳಬಾರದ ಜಾಗದಲ್ಲೇ ಚೆಲ್ಲಿ ಬಂದಿದ್ದೆ.

ಹೊರಗೆ ಎಲ್ಲರಿಗೂ ಪೇಡೆ ಹಂಚುತ್ತಿದ್ದರು. ವೈನಿ ಪೊಟ್ಟಣ ಹಿಡಿದು ಅಪ್ಪನ ಪಕ್ಕ ನಿಂತಿದ್ದರು. ಮೆಲ್ಲಗೆ ಜಾರಿಕೊಳ್ಳಬೇಕೆನ್ನುವಷ್ಟರಲ್ಲಿ ಕಾಕಾ ನನ್ನ ತೋಳು ಹಿಡಿದರು.

"ತಮ್ಮಾ, ನೀನೂ ಆ ಮದಿವಿಗಿ ಬಂದಿದ್ದೆಲ್ಲ? ಅದನ್ನ ಮುರದವ್ರು ಯಾರಂತ ನಿನಗೇನರ ಗೊತ್ತೇನು?"

ವೈನಿ ನನ್ನನ್ನೇ ನೋಡಿದರು. ನಾನು ನನ್ನ ಚಪ್ಪಲಿ ನೋಡಿದೆ.

"ಅಂಜಬ್ಯಾಡೋ, ಸಿಟ್ಟಿಲೆ ಕೇಳಾಕತ್ತಿಲ್ಲ" ಎಂದರು ಕಾಕಾ. "ಆ ಪುಣ್ಯಾತ್ಮ ಮುರೀಲಿಲ್ಲಂದ್ರ ನಾ ಎಲ್ಲಿ ಪುಣಾ ಕಾಣತಿದ್ದೆ, ಇಷ್ಟ ಮಂದಿ ಎಲ್ಲಿ ನನಗ ಚಪ್ಪಾಳಿ ಹೊಡೀತಿದ್ರು? ಅವಾ ಸಿಕ್ರ ಮನಿಗಿ ಕರದು, ಉಣಿಸಿ, ಮಂದ್ಯಾಗ ನಿಂದರಿಸಿ, ಹಾರ ಹಾಕಬೇಕಂತ ಮಾಡೇನಿ."

ಕಚೇರಿಯಲ್ಲಿ ಇಷ್ಟು ವರ್ಷ ದುಡಿದರೂ ನನಗೆ ಯಾರೂ ಒಂದು ಹಾರ ಹಾಕಿದ್ದಿಲ್ಲ. ತಪ್ಪು ಒಪ್ಪಿಕೊಳ್ಳಲು ಹದಿನೈದು ವರ್ಷ ತೆರೆಯದ ನನ್ನ ಬಾಯಿ, ಹಾರ ಎಂದೊಡನೆ ನನ್ನನ್ನೂ ಕೇಳದೆ ತಾನಾಗಿ ತೆರೆಯಿತು. "ಕಾಕಾ, ಅದು..." ಎಂದೆ.

ಶಾಂತಾ ವೈನಿ ಆ ತೆರೆದ ಬಾಯಿಗೆ ಒಂದಲ್ಲ, ಎರಡು ಪೇಡೆ ತುರುಕಿದರು.