ಮೇಷ್ಟ್ರು ಯಾರ ಕಡೆ?

ಮೈಕಿನ ಹಿಂದೆ ಕೂತವನಿಗೆ ಇಂಥ ಪ್ರಸಂಗಗಳು ಹುಡುಕದೆಯೇ ಸಿಗುತ್ತವೆ. ಸಾಗರದಲ್ಲಿ ನನ್ನದೊಂದು ಮೈಕ್ ಸೆಟ್ಟಿನ ಅಂಗಡಿ. ಬೆಳಿಗ್ಗೆ ಒಂದು ಪಕ್ಷದ ಸಭೆಗೆ ಹೋದ ಮೈಕು ಸಂಜೆ ಇನ್ನೊಂದು ಪಕ್ಷದ ಸಭೆಗೆ ಹೋಗುತ್ತದೆ. ನೀನು ಯಾರ ಕಡೆ ಎಂದು ಅದನ್ನು ಯಾರೂ ಕೇಳಿದ್ದಿಲ್ಲ. ಅದರ ಮುಂದೆ ಕೂತು ಮಾತಾಡುವವರಿಗೆ ಆ ಪುಣ್ಯವಿಲ್ಲ.

ನಮ್ಮೂರಿನ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಭಾನುವಾರ ಹತ್ತು ಗಂಟೆಗೆ, ಮೊಬೈಲಿನಲ್ಲಿ ಕೇಳುವ ರೇಡಿಯೊದಲ್ಲಿ ಒಂದು ತಾಸು ರಾಜಕೀಯ ಮಾತಾಡುತ್ತಾರೆ. ಹಳೆಯ ವಿದ್ಯಾರ್ಥಿಗಳು ಮಾಡಿಕೊಟ್ಟ ವ್ಯವಸ್ಥೆ. ಅವರ ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಮೈಕು ನೋಡಿಕೊಳ್ಳುವವನೂ ಕೇಳುಗರ ಫೋನು ಎತ್ತುವವನೂ ನಾನೇ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಕೇಳುವವರಿದ್ದಾರೆ; ನಂಬುವವರಿರಲಿಲ್ಲ. ಮೇಷ್ಟ್ರಿಗಿದ್ದ ಆಸೆ ಒಂದೇ: ತಾನು ಯಾರ ಕಡೆಯೂ ಅಲ್ಲ ಎಂದು ಒಬ್ಬರಾದರೂ ನಂಬಬೇಕು.

ಮೂರು ಕೂಗು

ಹೊಸನಗರದಿಂದ ಒಬ್ಬರು ತಪ್ಪದೆ ಫೋನ್ ಮಾಡುತ್ತಾರೆ. ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮೇಷ್ಟ್ರ ಮಾತನ್ನು ತಕ್ಕಡಿಯಲ್ಲಿಟ್ಟು ತೂಗುವುದು ಅವರ ಭಾನುವಾರದ ಕೆಲಸ.

"ಮೇಷ್ಟ್ರೇ, ನಿಮ್ಮ ಮನೆ ಕುಕ್ಕರ್ ಕೂಗೋದು ರೇಡಿಯೊದಲ್ಲಿ ಕೇಳುತ್ತೆ."

"ಕ್ಷಮಿಸಿ. ಅಡುಗೆಮನೆ ಪಕ್ಕದಲ್ಲೇ ಇದೆ."

"ಅದಕ್ಕಲ್ಲ. ನೀವು ಆ ಪಕ್ಷದವರನ್ನ ಬೈಯುವಾಗ ಒಂದು ಕೂಗು ಬಂತು. ನಮ್ಮವರನ್ನ ಬೈಯುವಾಗ ಮೂರು ಬಂತು. ಇದು ಯಾವ ನ್ಯಾಯ?"

ಮೇಷ್ಟ್ರು ಗಂಭೀರ ಮನುಷ್ಯ. ಕಾರ್ಯಕ್ರಮ ಮುಗಿದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಕೇಳಿದರು. "ಆ ಕಡೆಗೆರಡು, ಈ ಕಡೆಗೆರಡು ಬರೋ ಹಾಗೆ ಮಾಡ್ಲಿಕ್ಕಾಗುತ್ತಾ?"

ಅವರು ತೊಗರಿಬೇಳೆ ತೊಳೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಬೇಳೆ ಬೇಯ್ಲಿಕ್ಕೆ ಮೂರು ಬೇಕು. ಸರ್ಕಾರ ಯಾರದ್ದೇ ಇರ್ಲಿ."

ಮೇಗರವಳ್ಳಿಯ ಬಂಡೆ

ಮೇಗರವಳ್ಳಿಯ ಹತ್ತಿರದ ಒಬ್ಬ ಕೇಳುಗರ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಗುಡ್ಡದ ಮೇಲೊಂದು ಬಂಡೆಯಿದೆ, ಅಲ್ಲಿ ಸಿಗುತ್ತದೆ. ಅವರು ಹತ್ತಕ್ಕೆ ಬಂಡೆ ಹತ್ತಿ ಕೂರುತ್ತಾರೆ. ಹತ್ತೂವರೆಗೆ ಬಿಸಿಲು ಬಂದು ಬಂಡೆ ಕಾಯುತ್ತದೆ, ಇಳಿಯುತ್ತಾರೆ.

ಮೇಷ್ಟ್ರ ಪದ್ಧತಿಯೆಂದರೆ ಮೊದಲರ್ಧ ತಾಸು ಆಳುವವರಿಗೆ ಬೈಗುಳ, ಉಳಿದರ್ಧ ವಿರೋಧ ಪಕ್ಷದವರಿಗೆ. ಹೀಗಾಗಿ ಇವರು ವಿರೋಧ ಪಕ್ಷದವರ ಮನುಷ್ಯ ಎಂದು ಆತ ಮೇಗರವಳ್ಳಿಗೆಲ್ಲ ಸಾರಿಬಿಟ್ಟರು. ಮೇಷ್ಟ್ರೇ ಫೋನ್ ಮಾಡಿ ಕೇಳಿಕೊಂಡರು. "ಇನ್ನರ್ಧ ತಾಸು ಕೂತು ಕೇಳಿ ಮಾರಾಯ್ರೆ. ಕೊಡೆ ಹಿಡ್ಕೊಂಡು ಕೂರಿ."

"ಸಿಡಿಲು ಬಡಿದ ಬಂಡೆ ಸಾರ್ ಅದು. ಅಲ್ಲಿ ಕೊಡೆ ಬಿಚ್ಚೋ ಧೈರ್ಯ ನಂಗಿಲ್ಲ."

ಸರಿ, ಇವರಿಗಾಗಿಯೇ ಮೇಷ್ಟ್ರು ಕ್ರಮ ಬದಲಿಸಿದರು. ಒಂದು ವಾರ ಆಳುವವರು ಮೊದಲು, ಮರು ವಾರ ವಿರೋಧ ಪಕ್ಷದವರು ಮೊದಲು. ತಿಂಗಳು ಕಳೆದ ಮೇಲೆ ನಾನು ಒಂದು ಮದುವೆಗೆ ಮೈಕ್ ಹಾಕಲು ಆ ಕಡೆ ಹೋದೆ. ಬಂಡೆಯವರು ಸಿಕ್ಕರು. ಈಗ ಮೇಷ್ಟ್ರ ಬಗ್ಗೆ ಏನನ್ನಿಸುತ್ತೆ ಎಂದು ಕೇಳಿದೆ. ಅವರು ದನಿ ತಗ್ಗಿಸಿದರು.

"ರಾಜಕಾರಣಿಗಳೇ ವಾಸಿ. ಐದು ವರ್ಷಕ್ಕೊಂದು ಸಲ ಪಕ್ಷ ಬದಲಾಯಿಸ್ತಾರೆ. ನಿಮ್ಮವರು ವಾರ ವಾರ."

ತೀರ್ಥಹಳ್ಳಿಯ ಹೋಳಿಗೆ

ತೀರ್ಥಹಳ್ಳಿಯಲ್ಲಿ ಮೇಷ್ಟ್ರ ನೆಂಟರ ಮನೆಯ ಉಪನಯನ. ನಾನೂ ಜೊತೆಗೆ ಹೋಗಿದ್ದೆ. ನಮ್ಮ ಪಂಕ್ತಿಗೆ ಹೋಳಿಗೆ ಬಡಿಸಿದವರು ಒಂದು ಪಕ್ಷದ ಸ್ಥಳೀಯ ಮುಖಂಡರು. ನಮ್ಮ ಕಡೆ ಮುಖಂಡರೂ ಸೊಂಟಕ್ಕೆ ಟವೆಲು ಸುತ್ತಿ ಬಡಿಸಲು ನಿಲ್ಲುವುದುಂಟು. ಮೇಷ್ಟ್ರು ಬೇಡವೆನ್ನಲಾರದೆ ಎರಡು ಹಾಕಿಸಿಕೊಂಡರು. ಎದುರು ಪಂಕ್ತಿಯಲ್ಲಿ ಇನ್ನೊಂದು ಪಕ್ಷದವರೊಬ್ಬರು ಫೋಟೊ ತೆಗೆಯಲು ಮೊಬೈಲು ಎತ್ತಿದ್ದನ್ನು ನಾನು ಕಂಡೆ. ಮೇಷ್ಟ್ರೂ ಕಂಡರು.

ಬಡಿಸುವವರ ಸಾಲಿನಲ್ಲಿ ಆ ಇನ್ನೊಂದು ಪಕ್ಷದ ತರುಣನೊಬ್ಬ ತುಪ್ಪದ ಗಿಂಡಿ ಹಿಡಿದು ಬರುತ್ತಿದ್ದ. ಮೇಷ್ಟ್ರು ಅವನನ್ನು ಕರೆದರು. "ತಮ್ಮಾ, ತುಪ್ಪ ಆಮೇಲೆ. ನಿನ್ನ ಕೈಯಿಂದಲೂ ಎರಡು ಹೋಳಿಗೆ ಹಾಕು."

ಅವನು ಭಕ್ತಿಯಿಂದ ನಾಲ್ಕು ಹಾಕಿದ. ಈಗ ಎರಡು ಹೆಚ್ಚಾಯಿತು. ಸರಿದೂಗಿಸಲು ಮೊದಲಿನವರನ್ನು ಮತ್ತೆ ಕರೆದರು. ಎಲೆಯಲ್ಲಿ ಬಿಡುವ ಅಭ್ಯಾಸ ಮೇಷ್ಟ್ರಿಗಿಲ್ಲ. ಒಟ್ಟು ಎಂಟು ಹೋಳಿಗೆ ನಿಷ್ಪಕ್ಷಪಾತವಾಗಿ ಒಳಗೆ ಹೋದವು.

ಆ ಭಾನುವಾರ ಕಾರ್ಯಕ್ರಮ ಇರಲಿಲ್ಲ. ಮೇಷ್ಟ್ರ ಬಾಯಿ ಮುಚ್ಚಿಸಿದ್ದಾರೆ, ಮೇಲಿನಿಂದ ಒತ್ತಡ ಬಂದಿದೆ ಎಂದು ಮೂರೂ ತಾಲ್ಲೂಕಿನಲ್ಲಿ ಸುದ್ದಿಯಾಯಿತು. ಒತ್ತಡವಿದ್ದದ್ದು ನಿಜ. ಮೇಲಿನಿಂದ ಅಲ್ಲ.

ತುಮರಿಯ ತಾಯಿ

ಜೀರಿಗೆ ಕಷಾಯ ಕುಡಿದು ಸುಧಾರಿಸಿಕೊಂಡ ಮೇಷ್ಟ್ರು ಸಣ್ಣ ದನಿಯಲ್ಲಿ ಹೇಳಿದರು. "ಸಾಕು ಮಾರಾಯ. ಮೂವತ್ತು ವರ್ಷ ಪಾಠ ಮಾಡಿದಾಗ ಹುಡುಗರು ಕೇಳದಿದ್ರೂ ನಂಬ್ತಿದ್ರು. ಇವರು ಕೇಳ್ತಾರೆ, ನಂಬೋದಿಲ್ಲ. ನಂಬೋರು ಒಬ್ಬರಿದ್ರೂ ಮುಂದುವರಿಸ್ತಿದ್ದೆ."

ಮುಂದಿನ ಭಾನುವಾರ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹೆಂಗಸಿನ ದನಿ, ಬಾಯಿಗೆ ಸೆರಗು ಅಡ್ಡ ಹಿಡಿದ ಹಾಗಿತ್ತು. "ನಾನು ತುಮರಿಯಿಂದ. ನೀವು ಯಾರ ಕಡೆಯೂ ಅಲ್ಲ ಅಂತ ನಮಗೆ ಗೊತ್ತಿದೆ. ಧೈರ್ಯವಾಗಿ ಮಾತಾಡಿ." ಅಷ್ಟು ಹೇಳಿ ಇಟ್ಟರು.

ಮೇಷ್ಟ್ರು ಆ ದಿನ ಮಾತಾಡಿದ ಹಾಗೆ ಎಂದೂ ಮಾತಾಡಿರಲಿಲ್ಲ. ಅಂದಿನಿಂದ ಪ್ರತಿ ವಾರ ತುಮರಿಯ ಫೋನು. ಮೇಷ್ಟ್ರು ಹೊಸ ಅಂಗಿ ಹಾಕಿಕೊಂಡು ಕೂರತೊಡಗಿದರು, ರೇಡಿಯೊದಲ್ಲಿ ಅಂಗಿ ಕಾಣುವುದಿಲ್ಲವಾದರೂ.

ನಾಲ್ಕನೆಯ ವಾರ ತುಮರಿಯವರು ಮಾತಾಡುತ್ತಿದ್ದಾಗ ಕುಕ್ಕರ್ ಕೂಗಿತು. ನನ್ನ ಕಿವಿಗೆ ಹೆಡ್‌ಫೋನು ಇತ್ತು. ಕೂಗು ಎರಡು ಸಲ ಕೇಳಿತು: ಮೇಷ್ಟ್ರ ಮೈಕಿನಲ್ಲಿ ಒಮ್ಮೆ, ಅದರ ಬೆನ್ನಿಗೇ ತುಮರಿಯಿಂದ ಒಮ್ಮೆ.

ಕಾರ್ಯಕ್ರಮ ಮುಗಿದ ಮೇಲೆ ನೀರು ಕುಡಿಯುವ ನೆವ ಮಾಡಿ ಅಡುಗೆಮನೆಗೆ ಹೋದೆ. ಮೇಷ್ಟ್ರ ಹೆಂಡತಿ ಒಂದು ಹಳೆಯ ಫೋನನ್ನು ಅಕ್ಕಿ ಡಬ್ಬಿಯೊಳಗೆ ಇಡುತ್ತಿದ್ದರು. ಅವರ ತವರು ತುಮರಿ.

"ಅವರಿಗೆ ಹೇಳ್ಬೇಡಿ" ಅಂದರು.

"ಹೇಳೋದಿಲ್ಲ ಅಕ್ಕ. ನೀವು ನಿಜವಾಗ್ಲೂ ಅವರನ್ನ ನಂಬ್ತೀರಾ?"

"ಎಂತ ನಂಬೂದು? ಹತ್ತು ನಿಮಿಷದಲ್ಲಿ ಪೇಟೆಯಿಂದ ಬರ್ತೇನೆ ಅಂತಾರೆ, ಊಟದ ಹೊತ್ತಿಗೆ ಬರ್ತಾರೆ. ಆದ್ರೆ ಒಂದು ಪಾರ್ಟಿ ಸೇರ್ಕೊಂಡು ಇಲ್ಲ ಅಂತ ನಟಿಸೋವಷ್ಟು ಬುದ್ಧಿ ಅವರಿಗಿಲ್ಲ. ಇದ್ದಿದ್ರೆ ಇಷ್ಟೊತ್ತಿಗೆ ಯಾವ್ದಾದ್ರೂ ನಿಗಮದ ಅಧ್ಯಕ್ಷರಾಗಿರ್ತಿದ್ರು."

ಲಾಂಚ್ ಬಂತು

ತುಮರಿಗೆ ಹೋಗುವ ದಾರಿಯಲ್ಲಿ ಶರಾವತಿ ಹಿನ್ನೀರಿಗೆ ಸೇತುವೆಯಾಯಿತಲ್ಲ, ಅದು ಯಾರಿಂದಾಯಿತು ಎಂಬುದನ್ನು ಮೇಷ್ಟ್ರು ಒಂದು ಭಾನುವಾರ ಚರ್ಚೆಗೆ ತೆಗೆದುಕೊಂಡರು. ತೆಗೆದುಕೊಳ್ಳಬಾರದಿತ್ತು. ಇಷ್ಟು ವರ್ಷ ಹಿನ್ನೀರು ದಾಟಲು ಲಾಂಚಿಗೆ ಕಾದ ಜನ ಎಂದು ಅರ್ಧ ತಾಸು ಹೇಳಿದರು, ಈಗ ಲಾಂಚ್ ನಿಂತು ಸೇತುವೆಯ ಮೇಲೆ ಬಸ್ಸು ಓಡುತ್ತದೆ ಎಂದು ಹೇಳಿದರು, ಎಲ್ಲ ಪಕ್ಷದವರದ್ದೂ ಪಾಲಿದೆ ಎಂದರು. ಎಲ್ಲ ಪಕ್ಷದವರೂ ಫೋನ್ ಮಾಡಿ ಬೈದರು. ಹೊಸನಗರದವರು ಎರಡು ಸಲ.

ಮೇಷ್ಟ್ರ ಮುಖ ಇಳಿಯಿತು. ಕೊನೆಗೆ ಮೈಕಿನಲ್ಲಿಯೇ ಅಂದರು. "ಇವತ್ತಿಗೆ ಈ ಕಾರ್ಯಕ್ರಮ ನಿಲ್ಲಿಸೋಣ ಅಂತಿದ್ದೇನೆ."

ಫೋನು ಬಂತು. ತುಮರಿ.

"ನಿಲ್ಲಿಸ್ಬೇಡಿ. ನೀವು ನಿಲ್ಲಿಸಿದ್ರೆ ಭಾನುವಾರ ನಮಗೆ ಬೇಜಾರು."

ಮೇಷ್ಟ್ರು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. "ತಾಯಿ, ನೀವು ಆ ಊರಿನವರು. ನೀವೇ ಹೇಳಿ, ಸೇತುವೆ ಯಾರಿಂದಾಯ್ತು?"

ಅಷ್ಟರಲ್ಲಿ ಕುಕ್ಕರ್ ಕೂಗಿತು. ತುಮರಿಯವರು ಗಡಿಬಿಡಿಗೊಂಡರು. ತವರಿನಿಂದ ಹೊರಡುವಾಗ ದಡದಿಂದ ಫೋನಿನಲ್ಲಿ ಇಷ್ಟು ವರ್ಷ ಹೇಳಿದ ಮಾತೇ ಬಾಯಿಗೆ ಬಂತು.

"ಲಾಂಚ್ ಬಂತು, ಇಡ್ತೇನೆ."

ಮೂರು ತಾಲ್ಲೂಕು ಕೇಳುತ್ತಿತ್ತು. ನನಗೆ ಮೈಕ್ ಆರಿಸಿಬಿಡೋಣ ಅನ್ನಿಸಿತು. ಮೇಷ್ಟ್ರು ಕೈ ಅಡ್ಡ ಮಾಡಿದರು.

"ಆಯ್ತು ತಾಯಿ. ನಿಧಾನ ಹತ್ತಿ, ಹಲಗೆ ಜಾರುತ್ತೆ. ಮುಂದಿನ ಭಾನುವಾರ ಹತ್ತಕ್ಕೆ ಸಿಗೋಣ."

ಆಗ ನನಗೆ ತಿಳಿಯಿತು. "ನಿಮಗೆ ಮೊದಲೇ ಗೊತ್ತಿತ್ತಾ?" ಎಂದು ಮೈಕಿಗೆ ಕೈ ಮುಚ್ಚಿ ಪಿಸುಗುಟ್ಟಿದೆ.

"ಮೂವತ್ತೆರಡು ವರ್ಷದಿಂದ ಕೇಳ್ತಿರೋ ದನಿ ಮಾರಾಯ. ನನ್ನನ್ನ ನಂಬ್ತೇನೆ ಅಂತ ಮನೇಲಿ ಒಂದು ದಿನವೂ ಹೇಳಿಲ್ಲ. ಫೋನಿನಲ್ಲಾದ್ರೂ ಹೇಳ್ಲಿ ಬಿಡು."

ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಹೊಸನಗರ, ಮೂರನೆಯ ಸಲ.

"ಮೇಷ್ಟ್ರೇ, ಇಲ್ಲದ ಲಾಂಚು ಎಲ್ಲಿಂದ ಬಂತು? ಲಾಂಚಿನಲ್ಲಿ ಕುಕ್ಕರ್ ಯಾಕೆ ಕೂಗ್ತು? ಸತ್ಯ ಹೇಳಿ, ಆ ಹೆಂಗಸು ನಿಮ್ಮ ಕಡೆಯವರು ತಾನೆ?"

"ಹೌದು" ಅಂದರು ಮೇಷ್ಟ್ರು. "ನನ್ನ ಕಡೆ ಇರೋದು ಅವರೊಬ್ಬರೇ."

ಹೊಸನಗರದವರು ಆ ಮಾತನ್ನೂ ತಕ್ಕಡಿಯಲ್ಲಿಟ್ಟು ತೂಗಿದರು. ಆಮೇಲೆ ಅಂದರು.

"ಈ ಮಾತು ನಂಬ್ತೇನೆ."