ಬೆಳದಿಂಗಳ ಬಣ್ಣದ ನಾಯಿ

ಬಣ್ಣ ಕಂಡರೆ ನಮ್ಮ ಕಡೆಯ ಜನ ಅರ್ಧ ನಿದ್ದೆಗೆ ಜಾರುತ್ತಾರೆ. ಉಳಿದರ್ಧವನ್ನು ಮಾರುವವನು ನೋಡಿಕೊಳ್ಳುತ್ತಾನೆ. ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ದಶಕ ಮುಗಿಯುವವರೆಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂತ ದನದ ಆಸ್ಪತ್ರೆಯ ಡಾಕ್ಟರಾಗಿ ಸುತ್ತಿದವನು ನಾನು. ಎತ್ತು ಎಮ್ಮೆಗಳಿಗೆ ಬಂದ ರೋಗಗಳನ್ನು ಮರೆತಿದ್ದೇನೆ. ನಾಯಿಗಳ ಬಣ್ಣ ಮಾತ್ರ ಈಗಲೂ ಮಧ್ಯಾಹ್ನದ ಜೊಂಪಿನಲ್ಲಿ ಕಣ್ಣ ಮುಂದೆ ಹಾಯುತ್ತದೆ.

ಇದಕ್ಕೆಲ್ಲ ಕಾರಣ ಒಬ್ಬ ನಾಯಿ ಮಾರುವವನು. ಸೈಕಲ್ಲಿನ ಹಿಂದೆ ಬಿದಿರಿನ ಪುಟ್ಟಿ, ಅದರಲ್ಲಿ ಮರಿಗಳು. ಸಂತೆಯಿಂದ ಸಂತೆಗೆ ಹೋಗುತ್ತಿದ್ದ, ಆದರೆ ಕೂಗುತ್ತಿರಲಿಲ್ಲ. ಹುಣಸೆಮರದ ನೆರಳಲ್ಲಿ ಕೂತು ಬಂದವರನ್ನು ಮೆಲ್ಲಗೆ ಕೇಳುತ್ತಿದ್ದ: "ನಿಮ್ಮ ಕನಸಿನ್ಯಾಗ ಯಾವ ಬಣ್ಣದ ನಾಯಿ ಬರ್ತೈತ್ರಿ?" ಯಾರಿಗೂ ಯಾವ ನಾಯಿಯೂ ಬಂದಿರುತ್ತಿರಲಿಲ್ಲ. ಅವನು ಕೇಳಿದ ಮೇಲೆ ಬಂದ ಹಾಗೆ ಅನ್ನಿಸುತ್ತಿತ್ತು, ಅಷ್ಟೆ. ನನಗೂ ಒಮ್ಮೆ ಹಸಿರು ಬಣ್ಣದ್ದೊಂದು ಬಂದಿತ್ತು. ಪುಣ್ಯಕ್ಕೆ ಅವನಿಗೆ ಹೇಳಲಿಲ್ಲ.

ಬಂಗಾರ

ಕೊಟ್ಟೂರಿನ ಎಣ್ಣೆ ಗಿರಣಿಯ ಸಾಹುಕಾರರು ಅವನಿಂದ ಬಂಗಾರದ ಬಣ್ಣದ ಮರಿ ಕೊಂಡರು. ಕೆಲವೇ ದಿನಗಳಲ್ಲಿ ಅದನ್ನು ಎದೆಗವಚಿಕೊಂಡು ಆಸ್ಪತ್ರೆಗೆ ಓಡಿಬಂದರು. ಮರಿ ಮಲಗಿದಲ್ಲೆಲ್ಲ ಹಳದಿ. ಹಾಸಿಗೆ ಹಳದಿ, ಅವರ ಧೋತರ ಹಳದಿ, ಮೈ ನೆಕ್ಕಿಕೊಂಡು ಮರಿಯ ನಾಲಿಗೆಯೂ ಹಳದಿ. ಇದು ಕಾಮಣಿ ಬೇನೆಯೇ ಸರಿ, ಬದುಕಲಾರದು ಎಂದು ಗಿರಣಿಯವರೆಲ್ಲ ಹೇಳಿದ್ದರಂತೆ.

ರೆಪ್ಪೆ ಎತ್ತಿ ನೋಡಿದೆ, ಕಣ್ಣು ಹಾಲಿನಂತೆ ಬೆಳ್ಳಗಿತ್ತು. ಮೂಸಿ ನೋಡಿದೆ, ನಮ್ಮ ಅಡುಗೆಮನೆಯ ಅರಿಶಿನದ ಡಬ್ಬಿಯ ವಾಸನೆ. ಒಂದು ಬಕೆಟ್ ನೀರು, ಸೋಪು ತರಿಸಿ ತೊಳೆದೆ. ಬಂಗಾರವೆಲ್ಲ ಚರಂಡಿಗೆ ಹರಿದು, ಕೆಳಗಿನಿಂದ ಬೂದಿಬಿಳಿ ಬೀದಿನಾಯಿ ಮರಿಯೊಂದು ನಡುಗುತ್ತ ಹೊರಬಂತು. ನಿಮಗೆ ಮೋಸವಾಗಿದೆ ಎಂದು ತಿಳಿಸಿ ಹೇಳಿದೆ. ಸಾಹುಕಾರರು ಕೇಳಿಸಿಕೊಂಡರೆ ತಾನೇ? ಒಂದೇ ಬಕೆಟ್ ನೀರಿನಲ್ಲಿ ಕಾಮಣಿ ಇಳಿಸಿದರು ಎಂದು ಕೈಮುಗಿದು ಹೋಗಿ, ಊರಿಗೆಲ್ಲ ಸಾರಿದರು.

ಮರುದಿನ ಬೆಳಿಗ್ಗೆ ದನದ ಆಸ್ಪತ್ರೆಯ ಜಗಲಿಯ ಮೇಲೆ ಹಳದಿ ಕಣ್ಣಿನ ಮನುಷ್ಯರು ಸಾಲಾಗಿ ಕೂತಿದ್ದರು. ಒಬ್ಬರು ತಮ್ಮ ಸೋಪನ್ನು ತಾವೇ ತಂದಿದ್ದರು.

ನೀಲಿ

ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ತರರು ನೀಲಿ ನಾಯಿ ಕೊಂಡರು. ಸಂತೆಯಲ್ಲಿ ಅದು ಅಪ್ಪಟ ನೀಲಿಯಾಗಿತ್ತಂತೆ. ಮನೆಗೆ ತಂದು ಬಿಸಿಲಿಗೆ ಬಿಟ್ಟರೆ ಒಲೆಯ ಬೂದಿಯ ಬಣ್ಣ. ಬಣ್ಣ ತಿರುಗಿ ಬರಲು ಔಷಧಿ ಕೊಡಿ ಎಂದು ನನ್ನಲ್ಲಿಗೆ ಬಂದರು. ನಾಯಿಯವನು ಕೂತಲ್ಲಿ ಮೇಲೆ ನೆರಳಿಗೆ ಏನಾದರೂ ಕಟ್ಟಿದ್ದನೇ ಎಂದು ಕೇಳಿದೆ. ನೀಲಿ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದ ಎಂದರು. ಹೇಳುತ್ತಿದ್ದಂತೆ ಅವರಿಗೇ ಅರ್ಥವಾಯಿತು. ಪಾಪ, ಎದ್ದು ಹೋದರು.

ಮುಂದಿನ ವಾರ ಮನೆಗೆ ಕರೆದರು. ಅಂಗಳದ ತುಂಬ ಅಂಥದೇ ನೀಲಿ ಹಾಳೆ ಕಟ್ಟಿಸಿದ್ದರು. ಕೆಳಗೆ ನಾಯಿ ನೀಲಿ, ರಂಗೋಲಿ ನೀಲಿ, ಮಾಸ್ತರರ ಮೀಸೆ ನೀಲಿ. ನೋಡಲು ಬಂದವರೆಲ್ಲ ಹೊಗಳಿ ಹೋಗುತ್ತಿದ್ದರು. ನಿಜ ಹೇಳುತ್ತೇನೆ, ಹೊಳೆಯ ತಳದಲ್ಲಿ ಕೂತ ಹಾಗಿತ್ತು. ನನಗೆ ಏಳಲು ಮನಸ್ಸೇ ಬರಲಿಲ್ಲ.

ಮಾಸ್ತರರ ಹೆಂಡತಿ ನೀಲಿ ಮಜ್ಜಿಗೆ ತಂದಿಟ್ಟು ಹೇಳಿದರು: "ನಾಯಿ ಒಂದ ಅಲ್ರಿ, ನಾನೂ ಈಗ ಅಪರೂಪದ ಬಣ್ಣದಾಕಿ ಆಗೀನಿ. ನನ್ನ ನೋಡಾಕ ಮಾತ್ರ ಯಾರೂ ಬರವಲ್ರು."

ಬೆಳದಿಂಗಳು

ಕೂಡ್ಲಿಗಿಯಲ್ಲಿದ್ದಾಗ ಹೊಸಹಳ್ಳಿ ಕಡೆಯ ಕುರಿಗಾರನೊಬ್ಬ ಬಂದ. ಅವನ ಮಂದೆ ಕಾಯುತ್ತಿದ್ದ ಹಳೆಯ ನಾಯಿ ಸತ್ತ ಮೇಲೆ ತೋಳಗಳು ಕುರಿಮರಿಗಳನ್ನು ಒಯ್ಯತೊಡಗಿದ್ದವು. ಒಂದು ತೋಳ ಈಚೆ ಮುಖ ತೋರಿಸುವುದು, ಉಳಿದ ಎರಡು ಕರಿನಾಯಿಗಳು ಬೊಗಳುತ್ತ ಅತ್ತ ಓಡುವುದು, ಇನ್ನೊಂದು ತೋಳ ಆಚೆಯಿಂದ ಬಂದು ಮರಿ ಕಚ್ಚಿಕೊಂಡು ಹೋಗುವುದು. ಇನ್ನೊಂದು ಮರಿ ಹೋದರೆ ಮಂದೆ ಮಾರಿ ಚಾದಂಗಡಿ ಇಡೋಣ ಎಂದು ಹೆಂಡತಿ ಹಟ ಹಿಡಿದಿದ್ದಳು. ಚಾದಂಗಡಿಯ ಮಾತೆತ್ತಿದರೆ ಅವನ ಕಣ್ಣು ತುಂಬುತ್ತಿತ್ತು.

ಅವನಿಗೆ ಮಾತ್ರ ನಿಜವಾಗಿಯೂ ಕನಸು ಬಿದ್ದಿತ್ತು. ಬಿಳಿಯ ನಾಯಿಯೊಂದು ಮಂದೆಯ ಮುಂದೆ ನಡೆದಂತೆ. ನಾಯಿ ಮಾರುವವನು ಅದನ್ನು ಕೇಳಿ, ಬೆಳದಿಂಗಳ ಬಣ್ಣದ್ದು ಸಾವಿರಕ್ಕೊಂದು ಹುಟ್ಟುತ್ತದೆ ಎಂದು ಒಂದು ಬಿಳಿನಾಯಿ ಕೊಟ್ಟಿದ್ದ. "ಗುಡುಗು ಸಿಡಿಲಿಗೂ ಹೆದರಂಗಿಲ್ಲ ನೋಡು" ಎಂದೂ ಹೇಳಿದ್ದ.

ಎಷ್ಟು ಕರೆದರೂ ಬರುವುದಿಲ್ಲ, ಬಹಳ ಸೊಕ್ಕು ಎಂದು ಕುರಿಗಾರ ದೂರಿದ. ನಾನು ನಾಯಿಯ ಹಿಂದೆ ನಿಂತು ತಗಡಿನ ಬೋಗುಣಿ ಬಡಿದೆ. ಗೋಡೆಯ ಮೇಲಿನ ಕೋಳಿ ಹಾರಿತು, ಒಳಗೆ ಮಲಗಿದ್ದ ಕಂಪೌಂಡರ್ ಎದ್ದುಬಂದ. ನಾಯಿಯ ಕಿವಿ ಅಲುಗಲಿಲ್ಲ. ಇಂಥ ಅಚ್ಚ ಬಿಳಿಯ ಜೊತೆಗೆ ಕೆಲವೊಮ್ಮೆ ಕಿವುಡೂ ಹುಟ್ಟಿನಿಂದಲೇ ಬರುತ್ತದೆ, ಇದಕ್ಕೆ ಔಷಧಿ ಇಲ್ಲ ಎಂದು ಹೇಳುವಾಗ ನನಗೇ ಸಂಕಟವಾಯಿತು.

ಅವನು ಬಹಳ ಹೊತ್ತು ಅದರ ತಲೆ ಸವರುತ್ತ ಕೂತ. "ಕನಸಿನ್ಯಾಗೂ ನಾ ಅದನ್ನ ಕರದಿದ್ದಿಲ್ರಿ," ಎಂದ. "ಅದು ಮುಂದ ಹೊಂಟಿತ್ತು, ನಾ ಹಿಂದ ಹೊಂಟಿದ್ದೆ." ಹಾಗೆಯೇ ಅದರ ಹಿಂದೆ ನಡೆದುಹೋದ.

ಕೆಲ ದಿನಗಳಲ್ಲಿ ನಗುತ್ತ ಬಂದ. ಮಂಜು ಮುಸುಕಿದ ಒಂದು ಮುಂಜಾನೆ ತೋಳ ಎಂದಿನಂತೆ ಈಚೆ ಮುಖ ತೋರಿಸಿತಂತೆ. ಕರಿನಾಯಿಗಳು ಓಡಿದವು, ಇವನೂ ಬಡಿಗೆ ಹಿಡಿದು ಓಡಿದ. ಬಿಳಿಯದು ಏನೂ ಕೇಳಿಸದೆ ಕುರಿಗಳ ನಡುವೆ ಹಾಯಾಗಿ ಮಲಗಿತ್ತು. ಎರಡನೆಯ ತೋಳ ಆಚೆಯಿಂದ ಬೇಲಿ ಹಾರಿದ್ದು ನೇರ ಅದರ ಹೊಟ್ಟೆಯ ಮೇಲೆ. ನಿದ್ದೆ ಕೆಡಿಸಿಕೊಂಡವರ ಸಿಟ್ಟು ಕೇಳಬೇಕೆ? ತೋಳ ಬಾಲದ ಅರ್ಧ ಕೂದಲು ಅಲ್ಲೇ ಬಿಟ್ಟು ಓಡಿತು. ಚಾದಂಗಡಿಯ ಮಾತು ಅಂದಿಗೇ ನಿಂತಿತು. ಈಗ ಮನೆಯಲ್ಲಿ ಮೊದಲ ರೊಟ್ಟಿ ನಾಯಿಗೆ, ಎರಡನೆಯದು ಅವನಿಗೆ.

ಮೋಸ

ಆ ಸುದ್ದಿ ಸಂತೆ ಸಂತೆ ತಿರುಗಿತು. ಮುಂದೆ ನನಗೆ ಹರಪನಹಳ್ಳಿಗೆ ವರ್ಗವಾದಾಗ ತೆಲಿಗಿಯ ರೈತರೊಬ್ಬರು ಬಿಳಿಮರಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ನಾಯಿಯವನು ಮೋಸ ಮಾಡಿದನೆಂದು ಕೆಂಡವಾಗಿದ್ದರು.

ಒದ್ದೆ ಹತ್ತಿಯಿಂದ ಮೈ ಉಜ್ಜಿ ನೋಡಿದೆ, ಬಣ್ಣ ಬಿಡಲಿಲ್ಲ. ಬಿಸಿಲಿಗೆ ಹಿಡಿದೆ, ಅಚ್ಚ ಬಿಳಿ. ಕಣ್ಣು, ಹಲ್ಲು, ಕಾಲು ಎಲ್ಲ ಸರಿ. ಹಾಗಾದರೆ ಮೋಸ ಎಲ್ಲಿ ಎಂದು ಕೇಳಿದೆ.

ಅವರು ಮರಿಯ ಹಿಂದೆ ಹೋಗಿ ಮೆಲ್ಲಗೆ ಚಿಟಿಕೆ ಹೊಡೆದರು. ಮರಿ ತಟ್ಟನೆ ತಿರುಗಿ ಬಾಲ ಅಲ್ಲಾಡಿಸಿತು.

"ನೋಡಿದ್ರೇನ್ರಿ ಡಾಕ್ಟ್ರ?" ಎಂದರು. "ಅಪ್ಪಟ ಕಿವುಡು ಅಂತ ಆಣಿ ಮಾಡಿ ಕೊಟ್ಟಾನ. ಇದಕ್ಕ ಎಲ್ಲಾ ಕೇಳ್ತೈತಿ."