ಕಹಿ ಹೆಬ್ಬೆರಳು

ಊರಿನ ಅರ್ಧ ಜನರ ನಗು ಅವನ ಕೈಯಲ್ಲೇ ತಯಾರಾಗುತ್ತಿತ್ತು. ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಅಲ್ಲಿನ ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು ಸಾಲಾಗಿ ಕೂತು ಬೆಳಗಿನಿಂದ ಸಂಜೆಯವರೆಗೆ ಅವನನ್ನೇ ನೋಡಿ ಹಲ್ಲು ಕಿಸಿಯುತ್ತಿದ್ದವು. ಇಂಥ ಮಹಾ ದಂತಶಿಲ್ಪಿಯ ಸ್ವಂತ ಮಗಳು, ಏಳು ವರ್ಷದವಳು, ಹೆಬ್ಬೆರಳು ಚೀಪಿ ಚೀಪಿ ಹಲ್ಲುಗಳನ್ನು ಮುಂದಕ್ಕೆ ತಳ್ಳಿಕೊಂಡಿದ್ದಾಳೆ ಎಂದರೆ ಅವನ ಮಾನ ಏನಾಗಬೇಕು?

"ಹಾಲುಹಲ್ಲಿನ ಹುಳುಕು ತುಂಬಿದೀನಿ, ಅದು ದೊಡ್ಡ ವಿಷಯ ಅಲ್ಲ," ಎಂದಿದ್ದರು ಡಾಕ್ಟರಮ್ಮ. "ಆದ್ರೆ ಈಗ ಬರ್ತಿರೋದು ಕೊನೇವರೆಗೂ ಇರೋ ಹಲ್ಲು. ಮೊದ್ಲು ಈ ಬೆರಳು ಬಿಡಿಸಿ. ಯಾವಾಗಿಂದ ಶುರುವಾಯ್ತು?"

"ನಾಲ್ಕು ತಿಂಗಳಾಯ್ತು," ಎಂದ ಅವನು, ಸೂರು ನೋಡುತ್ತ.

ಅವನ ಹೆಂಡತಿ ಗುಡ್ಡದ ಮೇಲಿನ ಹವಾಮಾನ ಕೇಂದ್ರಕ್ಕೆ ವರ್ಗವಾಗಿ ಹೋಗಿಯೂ ನಾಲ್ಕೇ ತಿಂಗಳು. ಅಲ್ಲಿ ಮೋಡ ಬೇಕಾದಷ್ಟಿತ್ತು, ಸಿಗ್ನಲ್ ಮಾತ್ರ ಇರಲಿಲ್ಲ. ಭಾನುವಾರ ಮಧ್ಯಾಹ್ನ ಮೂರಕ್ಕೆ ಜೀಪಿನಲ್ಲಿ ಗುಡ್ಡದ ಬುಡಕ್ಕೆ ಇಳಿದು ಬಂದು ಫೋನಿನಲ್ಲಿ ಹತ್ತು ನಿಮಿಷ ಮಾತಾಡುತ್ತಿದ್ದಳು. ಆ ಹತ್ತು ನಿಮಿಷಕ್ಕಾಗಿ ಅವನು ಉಳಿದ ವಾರವನ್ನು ಹೇಗೋ ನೂಕುತ್ತಿದ್ದ. ಬರುವ ಭಾನುವಾರ "ಬೆರಳು ಬಿಡಿಸ್ದೆ ಕಣೇ" ಎಂದು ಹೇಳಿಯೇ ತೀರಬೇಕು ಎಂದು ಹಟ ತೊಟ್ಟ. ಅವಳು ಅಲ್ಲಿ ಕೂತು ಕೊರಗುವುದು ತಪ್ಪುತ್ತದೆ. (ಒಂದು ಶಹಬ್ಬಾಸ್ ಸಿಕ್ಕರೆ ಬೇಡವೆನ್ನುವವನೂ ಅಲ್ಲ.)

ಮೊದಲು ಹೆದರಿಸಿ ನೋಡಿದ. ಹೀಗೇ ಚೀಪುತ್ತಿದ್ದರೆ ಹದಿನೈದನೇ ವಯಸ್ಸಿಗೆ ಬಾಯಿ ಹೇಗಿರುತ್ತದೆಂದು ತೋರಿಸಲು ಪ್ಲಾಸ್ಟರಿನಲ್ಲಿ ಒಂದು ದವಡೆ ಕೆತ್ತಿದ. ಎರಡು ದಿನ ಹಿಡಿಯಿತು. ಮೂವರು ಗಿರಾಕಿಗಳು ಬೊಚ್ಚುಬಾಯಲ್ಲಿ ಕಾದರು. ಹಲ್ಲುಗಳು ಬಾಲ್ಕನಿಯಂತೆ ಹೊರಗೆ ಚಾಚಿಕೊಂಡವು.

"ಅಪ್ಪಾ, ಎಷ್ಟು ಮುದ್ದಾಗಿದೆ! ನಂಗೇನಾ?" ಎಂದಳು ಮಗಳು.

ಅಂದಿನಿಂದ ದವಡೆಗೆ 'ತಂಗಿ' ಎಂದು ಹೆಸರಾಯಿತು. ತಂಗಿಗೆ ಕರವಸ್ತ್ರದ ಹೊದಿಕೆ, ದಿಂಬಿನಲ್ಲಿ ಪಾಲು. ಅಪ್ಪನ ಅರೆಯುವ ಯಂತ್ರ ಗರ್ರೆನ್ನುತ್ತಿರುವಷ್ಟು ಹೊತ್ತೂ ಅವಳು ಒಳಗೆ ತಂಗಿಗೆ ಶಾಲೆಯ ಸುದ್ದಿ ಹೇಳುತ್ತಿದ್ದಳು. ಒಮ್ಮೆ ಯಂತ್ರ ನಿಲ್ಲಿಸಿ ಕೇಳಿಸಿಕೊಂಡ. ಪಕ್ಕದ ಬೆಂಚಿನ ಗೆಳತಿ ಜಾಗ ಬದಲಾಯಿಸಿದ್ದಳಂತೆ, ಊಟದ ಡಬ್ಬಿಯನ್ನು ಇವಳೊಬ್ಬಳೇ ಕೂತು ಖಾಲಿ ಮಾಡುತ್ತಿದ್ದಳಂತೆ. ಒಂದನ್ನೂ ಅವನಿಗೆ ಹೇಳಿರಲಿಲ್ಲ.

ಎರಡನೇ ಉಪಾಯ, ಬೆರಳಿಗೆ ಬಳಿಯುವ, ಮೆಡಿಕಲ್ ಶಾಪಿನ ಕಹಿ ಔಷಧಿ. ಪುಟ್ಟ ಬಾಟಲಿ, ಮುಚ್ಚಳದಲ್ಲೇ ಬ್ರಷ್ಷು.

"ನಂಗ್ಯಾಕೆ ಮಾತ್ರ? ನೀನು ಉಗುರು ಕಚ್ಚಲ್ವಾ?"

"ನಾನಾ? ಯಾವಾಗ?"

"ಅಮ್ಮನ ಫೋನ್ ಮುಗಿದ್ಮೇಲೆ. ಸೋಮವಾರಾನೂ. ಮಂಗಳವಾರಾನೂ."

ತೀರ್ಪು ಹೊರಬಿತ್ತು. ಮಗಳ ಹೆಬ್ಬೆರಳಿಗೆ ಒಂದೊಂದು ಸಲ, ಅಪ್ಪನ ಹೆಬ್ಬೆರಳಿಗೆ ಎರಡೆರಡು ಸಲ. ಮಗಳ ಕೈ ಬಾಯಿಯತ್ತ ಎದ್ದಾಗಲೆಲ್ಲ ಅವನು "ಬೆರಳು ಹೊರಗೆ, ಬಾಯಿ ಮುಚ್ಚು!" ಎಂದು ಗುಡುಗುತ್ತಿದ್ದ.

ಶನಿವಾರದ ಹೊತ್ತಿಗೆ ಮಗಳ ಬೆರಳು ಒಣಗಿತ್ತು! ಅವನು ಭಾನುವಾರ ಹೇಳಬೇಕಾದ ಮಾತುಗಳನ್ನು ದವಡೆಗಳ ಮುಂದೆ ಎರಡು ಸಲ ಅಭ್ಯಾಸ ಮಾಡಿದ. ಆದರೆ ಹೊಸ ಹಲ್ಲು ಒಸಡು ಸೀಳಿ ಬರುವ ನೋವಿಗೆ ಮಗಳು ಎರಡು ದಿನದಿಂದ ಸರಿಯಾಗಿ ಮಲಗಿರಲಿಲ್ಲ. ಭಾನುವಾರ ಊಟವಾದ ಮೇಲೆ ಹಾಸಿಗೆಗೆ ಉರುಳಿ, ಅಪ್ಪನ ಬಲಗೈ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದಳು.

"ಚೀಪಲ್ಲ. ಹಿಡ್ಕೋತೀನಿ ಅಷ್ಟೆ. ನೀನು ಇಲ್ಲೇ ಇರು."

ನಿದ್ದೆ ಬಂದೇಬಿಟ್ಟಿತು. ಸರಿಯಾಗಿ ಮೂರಕ್ಕೆ ಮುಂದಿನ ಕೋಣೆಯ ಕೆಲಸದ ಮೇಜಿನ ಮೇಲೆ ಫೋನು ಹೊಡೆದುಕೊಂಡಿತು.

ಅವನು ಮೆಲ್ಲಗೆ ಬೆರಳು ಎಳೆದ. ಮಗಳ ಇನ್ನೊಂದು ಕೈ ನಿದ್ದೆಯಲ್ಲೇ ಎದ್ದು ತುಟಿಯ ಹತ್ತಿರ ಬಂತು. ಅಲ್ಲಾಡದೆ ಕೂತ. ಕೈ ಕೆಳಗಿಳಿಯಿತು. ಮತ್ತೆ ಎಳೆದ, ಮತ್ತೆ ಎದ್ದಿತು. ಎಬ್ಬಿಸೋಣವೆಂದರೆ ಎರಡು ದಿನದ ಮೇಲೆ ಮುಚ್ಚಿದ ಕಣ್ಣು. ಫೋನು ನಿಂತಿತು. ಇನ್ನೊಮ್ಮೆ ಹೊಡೆದುಕೊಂಡು, ನಿಂತಿತು. ಇನ್ನು ಏಳು ದಿನ ಎಂದುಕೊಂಡ. ಮನೆ ತೀರಾ ದೊಡ್ಡದಾಗಿದೆ ಅನ್ನಿಸಿತು. ಯಾರ ಹತ್ತಿರವಾದರೂ ಹೇಳಿಕೊಂಡು ಅತ್ತುಬಿಡೋಣ ಎನಿಸಿತು. ಪಕ್ಕದಲ್ಲಿದ್ದದ್ದು ತಂಗಿ ಒಬ್ಬಳೇ.

ಯಾವಾಗ ಹೋಯಿತೋ ತಿಳಿಯದು, ಅವನ ಎಡಗೈ ಹೆಬ್ಬೆರಳು ಬಾಯಲ್ಲಿತ್ತು.

"ಥೂ!"

"ಬೆರಳು ಹೊರಗೆ, ಬಾಯಿ ಮುಚ್ಚು," ಎಂದು ಮಗಳು ಕಣ್ಣು ತೆರೆಯದೆ ಗೊಣಗಿ, ಆ ಹೆಬ್ಬೆರಳನ್ನೂ ಎಳೆದು ಇನ್ನೊಂದು ಮುಷ್ಟಿಯಲ್ಲಿ ಹಿಡಿದು ಮಗ್ಗುಲಾದಳು.

ಫೋನು ಮೂರನೇ ಸಲ ಹೊಡೆದುಕೊಳ್ಳತೊಡಗಿತು. ಮುಂದಿನ ಕೋಣೆಯ ಕಪಾಟಿನಲ್ಲಿ ಅಷ್ಟೊಂದು ಬಾಯಿಗಳಿದ್ದವು. ಒಂದೂ ಹಲೋ ಎನ್ನಲಿಲ್ಲ.